ದ್ರಾಕ್ಷಿ ಚಪ್ಪರದ ತಂತಿ ಎಷ್ಟು ಬಿಗಿಯಾಗಿದೆ ಅಂತ ಅಳೆಯೋದು ಹೀಗೆ

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರ ಇರುವವರಿಗೆ ಇದು ಉಪಯೋಗಕ್ಕೆ ಬರುತ್ತೆ. ಮೂಲೆ ಕಲ್ಲುಕಂಬದ ಎಳೆತಂತಿಯನ್ನು ಮೊದಲು ಕೈಯಲ್ಲಿ ಎಳೆದು ನೇರ ಮಾಡಿ. 2 ಮೀಟರ್ ಉದ್ದದ ನೇರ ರೀಪರ್ (ಮರದ ಪಟ್ಟಿ) ಅದಕ್ಕೆ ಒತ್ತಿಟ್ಟು, ಒಂದು ತುದಿಯನ್ನು ಮಾತ್ರ ಟೇಪ್ ಸುತ್ತಿ ಬಿಗಿಯಾಗಿ ಕಟ್ಟಿ. ಇನ್ನೊಂದು ತುದಿಗೆ ಸರಿಯಾಗಿ ತಂತಿ ಮೇಲೆ ಸಣ್ಣ ಗೆರೆ ಹಾಕಿ. ಆಮೇಲೆ ಟರ್ನ್‌ಬಕಲ್ (ತಂತಿ ಬಿಗಿ ಮಾಡುವ ತಿರುಪು) ತಿರುಗಿಸಿ. ಗೆರೆ ರೀಪರ್ ತುದಿಯಿಂದ 1 ಮಿ.ಮೀ. ದೂರ ಹೋದರೆ ಸಾಕು, ನಿಲ್ಲಿಸಿ. ಉಕ್ಕು ಎಳೆದಷ್ಟಕ್ಕೆ ತಕ್ಕ ಹಾಗೆ ಹಿಗ್ಗುತ್ತೆ, ಅದಕ್ಕೇ ಈ ಲೆಕ್ಕ ಕೂಡುತ್ತೆ: ಆ 1 ಮಿ.ಮೀ. ಅಂದರೆ 4 ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಉಕ್ಕಿನ) ತಂತಿಯಲ್ಲಿ ಸುಮಾರು 125 ಕೆಜಿ ಎಳೆತ, 3 ಮಿ.ಮೀ. ತಂತಿಯಲ್ಲಿ ಸುಮಾರು 70 ಕೆಜಿ. ಹಾಯಿದೋಣಿ ಓಡಿಸುವವರೂ ಹಾಯಿಕಂಬದ ತಂತಿಗಳನ್ನು ಹೀಗೇ ಅಳೆಯುತ್ತಾರೆ. ತಂತಿ ಬಾರಿಸಿ ಸದ್ದು ಕೇಳಿ ಅಂದಾಜು ಮಾಡೋದಕ್ಕಿಂತ ಇದು ಎಷ್ಟೋ ವಾಸಿ. 2 ಮಿ.ಮೀ. ದಾಟಿಸಬೇಡಿ, ಮೆತ್ತನೆ ಜಿಐ ತಂತಿ ಹಿಗ್ಗಿದ್ದು ವಾಪಸ್ ಬರಲ್ಲ. ಸೊಟ್ಟಪಟ್ಟ ಹಳೇ ತಂತಿಗೆ ಈ ಉಪಾಯ ನಡೆಯಲ್ಲ. ಎಳೆಗಳನ್ನು ಹೊಸೆದ ತಂತಿಗೂ ಈ ಕೆಜಿ ಲೆಕ್ಕ ಬೇಡ, ಎಳೆಗಳು ಕೂರುವಾಗಲೇ ಗೆರೆ ಸರಿದುಬಿಡುತ್ತೆ. ಎಷ್ಟು ತಿರುಗಿಸಿದರೂ ಗೆರೆ ಅಲ್ಲಾಡದಿದ್ದರೆ ಸುಮ್ನೆ ಇನ್ನೂ ಎಳೆಯಬೇಡಿ, ಮೂಲೆ ಕಂಬ ವಾಲುತ್ತಿದೆಯಾ ನೋಡಿ. ಇನ್ನೊಂದು: ಸುಡು ಮಧ್ಯಾಹ್ನ ಬಿಗಿ ಮಾಡಿದ ತಂತಿ ರಾತ್ರಿ ಚಳಿಗೆ ಇನ್ನೂ ಬಿಗಿಯಾಗುತ್ತೆ, ಹಾಗಾಗಿ ಬೆಳಗ್ಗೆ ತಂಪು ಹೊತ್ತಲ್ಲೇ ಮಾಡಿ.