ಜವಳು ಹುಡುಕೋಕೆ ಮಳೆಗಾಲದ ಉಪಗ್ರಹ ಚಿತ್ರ ನಂಬಬೇಡಿ: ನನ್ನ ಅನುಭವ

ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಎರೆ ಭೂಮಿ. ಹಳ್ಳದ ಬದಿಯ ನಾಲ್ಕು ಎಕರೆಯಲ್ಲಿ ನೆಲ್ಲು ಮೊಣಕಾಲೆತ್ತರಕ್ಕೇ ನಿಂತುಬಿಡುತ್ತಿತ್ತು, ಒಣಗಿದರೆ ಮೇಲೆಲ್ಲ ಬೆಳ್ಳಗೆ ಉಪ್ಪು. ಸವಳು-ಜವಳು, ಅಂದರೆ ಉಪ್ಪೇರಿ ನೀರು ಬಸಿಯದೆ ಕೆಟ್ಟ ನೆಲ ಅಂತ ಊರಿಗೆಲ್ಲ ಗೊತ್ತು. ಎಲ್ಲಿಂದ ಎಲ್ಲಿವರೆಗೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಾಟಿ ಮುಗಿದ ಹೊತ್ತಿನ ಒಂದು ಚಿತ್ರ ತೆಗೆದು ನೀರು ಎಲ್ಲಿದೆ ನೋಡಿದೆ. ಇಡೀ ಊರೇ ನೀಲಿ! ನೆಲ್ಲಿನ ಗದ್ದೆಯಲ್ಲಿ ನೀರು ನಿಂತಿರಲೇಬೇಕಲ್ವಾ, ನನಗೇ ನಗು ಬಂತು. ಮೋಡ ದಾಟಿ ನೋಡುವ ಸೆಂಟಿನೆಲ್-1 ರೇಡಾರ್ ಚಿತ್ರದಲ್ಲೂ ಅದೇ ಕಥೆ, ನಿಂತ ನೀರೆಲ್ಲ ಕಪ್ಪು.

ಆಮೇಲೆ ಹೊಳೆದದ್ದು, ಎರಡನೇ ಬೆಳೆಗೆ ಕಾಲುವೆ ಬಿಡದ ವರ್ಷದ ಏಪ್ರಿಲ್ ಚಿತ್ರ. ಆಗ ಹೊಲ ಖಾಲಿ, ಕಾಲುವೆ ಖಾಲಿ, ಆದರೂ ಒದ್ದೆ ಇದೆ ಅಂದರೆ ಅದು ಕೆಳಗಿಂದ ಏರಿದ ನೀರು. ಸೆಂಟಿನೆಲ್-2ರ 11ನೇ ಬ್ಯಾಂಡ್‌ನಲ್ಲಿ, ಅಂದರೆ ಕಣ್ಣಿಗೆ ಕಾಣದ ಒಂದು ಬಗೆಯ ಅವಗೆಂಪು ಬೆಳಕಿನ ಚಿತ್ರದಲ್ಲಿ, ಒದ್ದೆ ಮಣ್ಣು ಕಪ್ಪಗೆ ಕಾಣುತ್ತದೆ. ಅದರ ಒಂದು ಚುಕ್ಕೆ 20 ಮೀಟರ್ ಉದ್ದ, 20 ಮೀಟರ್ ಅಗಲ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಗುಂಟೆ. ಸಣ್ಣ ಮಡಿಗಳಿಗೆ ಇದು ಒರಟೇ. ಇನ್ನೊಂದು ಮೋಸ, ಬಳ್ಳಾರಿ ಜಾಲಿ. ಅದರ ಎಲೆಯಲ್ಲಿರುವ ನೀರೂ ಕಪ್ಪಗೇ ಕಂಡು, ಒಂದು ಮಧ್ಯಾಹ್ನ ಪೂರ್ತಿ ಸುಮ್ನೆ ಮುಳ್ಳಲ್ಲಿ ಅಲೆದೆ.

ಅದಕ್ಕೇ ನೆಲದಲ್ಲೂ ನೋಡಿದೆ. ಆರಡಿ ಪಿವಿಸಿ ಪೈಪಿಗೆ ತೂತು ಕೊರೆದು ಮೂರು ಕಡೆ ಹೂತೆ. ಕಡ್ಡಿ ಇಳಿಸಿ ಒದ್ದೆಯಾದ ಗುರುತು ಅಳೆಯೋದು, ಅಷ್ಟೇ. ಮೇ ತಿಂಗಳ ಸುಡು ಬಿಸಿಲಲ್ಲೂ ಎರಡಡಿಗೇ ನೀರು!

ಚಿತ್ರದಲ್ಲಿ ಒದ್ದೆ ನಮ್ಮ ಹೊಲಕ್ಕೇ ನಿಂತಿರಲಿಲ್ಲ, ಮೇಲಿನ ಮೂರು ಹೊಲ ದಾಟಿ ಉದ್ದ ಬಾಲದ ಹಾಗೆ ಇತ್ತು. ಫೋನಲ್ಲಿ ತೋರಿಸಿದರೆ ಅಪ್ಪ, "ಇದು ಹಳೇ ಬಸಿಗಾಲುವೆ ಅಲ್ಲೇನೋ, ಮುಚ್ಚಿ ಎಷ್ಟು ವರ್ಷ ಆತು" ಅಂದರು. ಹೋಗಿ ನೋಡಿದರೆ ಹೂಳು, ಜೊಂಡು, ಮೇಲೊಂದು ಬದು. ಪಕ್ಕದ ಹೊಲದ ಕಾಕಾ ಮಣ್ಣು ಸರಿಯಾಗೋಕೆ ಜಿಪ್ಸಂ ಹಾಕು ಅಂತ ಒಂದೇ ಸಮನೆ ಹೇಳುತ್ತಿದ್ದರು. ನೀರು ಹೋಗೋಕೆ ದಾರಿನೇ ಇಲ್ಲದೆ ಜಿಪ್ಸಂ ಹಾಕಿ ಏನು ಮಾಡೋದು? ಅವರನ್ನೂ ಸೇರಿಸಿಕೊಂಡು ನಾಲ್ಕು ಮನೆಯವರು ದುಡ್ಡು ಹಾಕಿ ಎರಡು ದಿನ ಜೆಸಿಬಿ ಓಡಿಸಿ ಆ ಬಸಿಗಾಲುವೆ ತೆಗೆಸಿದೆವು.

ಮುಂದಿನ ಮೇನಲ್ಲಿ ಕಡ್ಡಿ ಮೂರೂವರೆ ಅಡಿಗೆ ಒದ್ದೆಯಾಯಿತು. ಹಳ್ಳಕ್ಕೆ ಅಂಟಿದ ಒಂದೂವರೆ ಎಕರೆ ಮಾತ್ರ ಹಾಗೇ ಇದೆ. ಗಂಗಾವತಿ ಸಂಶೋಧನಾ ಕೇಂದ್ರದವರು ನೆಲದೊಳಗೆ ತೂತಿನ ಪೈಪ್ ಹೂತು ಮಾಡಿದಂಥ ಬಸಿಯುವಿಕೆ ಇಲ್ಲಿ ಕಷ್ಟ, ಮಳೆಗಾಲದಲ್ಲಿ ಹಳ್ಳವೇ ಗದ್ದೆ ಮಟ್ಟಕ್ಕೆ ಏರುತ್ತೆ. ಅಲ್ಲಿ ಸದ್ಯಕ್ಕೆ ಉಪ್ಪು ತಡೆಯುವ ಹಸಿರೆಲೆ ಗೊಬ್ಬರದ ಬೆಳೆ ಡಯಂಚ ಚೆಲ್ಲಿದ್ದೇನೆ.