ಮನೆ ಮುಂದೆ 90 ಅಡಿ ನಿಂತ ನೀರು

"ಏನವ್ವಾ, ಗದ್ದೆಗೆ ಹೋಗೋ ನಾಲೇನ ಮನೆ ಮುಂದಕ್ಕೆ ತರ್ತೀಯಾ?"

ಆ ಮನೆಯ ಅಜ್ಜಿ ಹೀಗೆ ಕೇಳುವ ಹೊತ್ತಿಗೆ ನಾನು ಜಗಲಿಯ ಮೆಟ್ಟಿಲಿನಿಂದ ಕೆಳಗಿನ ಬೇಲಿವರೆಗೆ ಸುಣ್ಣದ ಪುಡಿಯಲ್ಲಿ ಎರಡು ನೇರ ಗೆರೆ ಹಾಕಿ ಮುಗಿಸಿದ್ದೆ. ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಜಮೀನು ಅದು. ಅಜ್ಜಿಯ ಬಾಯಲ್ಲಿ ಈಗಲೂ ಅದು ಇರ್ವಿನ್ ನಾಲೆ. ಮಗ, ಸೊಸೆ ಬೆಂಗಳೂರು ಬಿಟ್ಟು ಬಂದು ಮನೆ ಕಟ್ಟಿಸಿದ್ದರು. ಮುಂದಿನ ಜಾಗಕ್ಕೆ ಹುಲ್ಲುಹಾಸು, ನಡುವೆ ಕಾರಂಜಿ ಬೇಕು ಅಂತ ಮೈಸೂರಿನಿಂದ ನನ್ನನ್ನು ಕರೆಸಿದ್ದರು. ತೋಟದ ವಿನ್ಯಾಸ ಮಾಡಿ, ಕೆಲಸದವರ ಜೊತೆ ನಿಂತು ಮಾಡಿಸುವುದು ನನ್ನ ಕಸುಬು.

ಹುಲ್ಲನ್ನು ಅವರು ಆಗಲೇ ಒಮ್ಮೆ ಹಾಕಿಸಿದ್ದರು. ಅದು ಹಳದಿಯಾಗಿ ಕೊಳೆತುಹೋಗಿತ್ತು. ನಾಲೆಗೆ ನೀರು ಬಿಟ್ಟರೆ ಆ ಜಾಗವೆಲ್ಲ ಜೌಗು. ಕಾಲಿಟ್ಟು ತೆಗೆದರೆ ಹೆಜ್ಜೆಯ ಗುರುತಿನಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ನಾಲೆ ನಿಂತರೆ ಅದೇ ನೆಲ ಬಿರಿದು ಕಲ್ಲಿನಂತಾಗುತ್ತಿತ್ತು. ಎರಡು ದಿನ ಅಲ್ಲಿ ಓಡಾಡಿದ ಮೇಲೆ, ನೀರು ತಾನಾಗಿ ಬಂದು ಸೇರುವ ಕಡೆಯೇ ಒಂದು ನೇರ ಕಾಲುವೆ ತೋಡಿ ನೀರಿಗೆ ಜಾಗ ಮಾಡಿಕೊಡೋಣ ಅನ್ನಿಸಿತು.

ಈ ಯೋಚನೆ ನನ್ನದಲ್ಲ, ಬಹಳ ಹಳೆಯದು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ದೊಡ್ಡ ಕಾಲುವೆಯನ್ನು ನೋಡಿದವರೆಲ್ಲ ಅದನ್ನು 14ನೇ ಲೂಯಿಯ ಆಡಂಬರ ಅನ್ನುತ್ತಾರೆ. ಆಡಂಬರ ಇತ್ತು, ಸುಳ್ಳಲ್ಲ. ಉದ್ದ 1,670 ಮೀಟರ್, ಅಗಲ 62 ಮೀಟರ್. 1668ರಿಂದ 1679ರವರೆಗೆ ಅಗೆದರು. 1674ರಲ್ಲಿ ವೆನಿಸ್ ಗಣರಾಜ್ಯ ಕಳಿಸಿದ ಎರಡು ಗೊಂಡೋಲಾ ದೋಣಿಗಳೂ ಅದರ ಮೇಲೆ ತೇಲಿದವು. ಆದರೆ ಆ ಜಾಗ ಮೊದಲು ಜೌಗು ನೆಲ. ತೋಟ ಮಾಡಿದ ಆಂದ್ರೆ ಲ ನೋತ್ರ್ ಆ ನೀರನ್ನು ಎಲ್ಲಿಗಾದರೂ ಸಾಗಿಸಲೇಬೇಕಿತ್ತು. ತಗ್ಗಿನಲ್ಲಿ ತೋಡಿದ ಕಾಲುವೆಗೆ ಸುತ್ತಲಿನ ನೀರು ಬಸಿದು ಬಂತು. ಮೊದಲು ಅದು ಬಸಿಗಾಲುವೆ, ಆಮೇಲೆ ಅಲಂಕಾರ. ನಾನು ಅಲ್ಲಿಗೆ ಹೋಗಿದ್ದಾಗ ಇಳಿಜಾರಿನಲ್ಲಿ ನಡೆದು ನಡೆದು ಕಾಲುವೆಯ ದಡ ಮುಟ್ಟಿದ ಮೇಲೆಯೇ ಈ ಮಾತು ಸರಿಯಾಗಿ ಅರ್ಥವಾಗಿದ್ದು.

ಕಾರಂಜಿ ಬೇಡ ಅನ್ನೋದಕ್ಕೂ ವರ್ಸೇಲ್ಸ್ ಕಥೆಯೇ ನೆರವಿಗೆ ಬಂತು. ಸೇನ್ ನದಿಯಿಂದ ನೀರೆತ್ತಲು ಮಾರ್ಲಿಯಲ್ಲಿ 14 ಚಕ್ರಗಳ ಯಂತ್ರ ಕಟ್ಟಿಸಿ 1684ರಲ್ಲಿ ಶುರುಮಾಡಿದರೂ ಅಷ್ಟೂ ಕಾರಂಜಿಗಳನ್ನು ದಿನವಿಡೀ ಹಾರಿಸುವಷ್ಟು ನೀರು ಆ ರಾಜನಿಗೆ ಸಿಗಲಿಲ್ಲ. ರಾಜ ಹತ್ತಿರ ಬರುವಾಗ ತೋಟದವರು ಸಿಳ್ಳೆ ಹೊಡೆಯುತ್ತಿದ್ದರು. ಅದನ್ನು ಕೇಳಿ ಮುಂದಿನವನು ತನ್ನ ಕಾರಂಜಿ ತಿರುಗಿಸುತ್ತಿದ್ದ. ಆದರೆ ಕಾಲುವೆ ಮಾತ್ರ ದಿನವಿಡೀ ತುಂಬಿಯೇ ಇರುತ್ತಿತ್ತು. ಇದನ್ನು ಹೇಳಿದಾಗ ಮನೆಯ ಯಜಮಾನರು ಕರೆಂಟ್ ಬಿಲ್ ನೆನೆದು ಒಪ್ಪಿದರು.

ಸೊಸೆಯ ಮನಸ್ಸಿನಲ್ಲಿ ಬೃಂದಾವನ ಇತ್ತು. ನಮ್ಮ ಕಡೆ ಯಾರಿಗೆ ಇರಲ್ಲ ಹೇಳಿ! 1927ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಆ ತೋಟ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸು. ಕಾಶ್ಮೀರದ ಶಾಲಿಮಾರ್ ಬಾಗಿನ ಮಾದರಿ ಅದರಲ್ಲಿದೆ. ಆದರೆ ಶಾಲಿಮಾರ್ ಹಿಂದೆ ಬೆಟ್ಟ ಇದೆ, ಬೃಂದಾವನದ ಹಿಂದೆ ಕನ್ನಂಬಾಡಿ ಕಟ್ಟೆ ಇದೆ. ನೀರು ಮೇಲಿನಿಂದ ಹಂತ ಹಂತವಾಗಿ ಇಳಿಯುತ್ತದೆ. ಇಲ್ಲಿ ನಾನು ಅಳೆದಾಗ ಸಿಕ್ಕಿದ್ದು 90 ಅಡಿಗೆ ಬರೀ 14 ಇಂಚು ಇಳಿಜಾರು. ಇಷ್ಟರಲ್ಲಿ ಹರಿಯುವ ನೀರಿನ ಆಟ ಆಡಿಸಲು ಹೋದರೆ ಚರಂಡಿಯಂತೆ ಕಾಣುತ್ತದೆ. ನಿಂತ ನೀರೇ ಸರಿ ಅಂದೆ.

"ನೇರ ಬೇಡ, ಸ್ವಲ್ಪ ಬಳುಕಿಸಿ ಮಾಡೋಣ್ವಾ ಮೇಡಂ?" ಅಂತಲೂ ಅವರು ಕೇಳಿದರು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಎಲ್ಲರೂ ಹಾಗೇ ಅಂದುಕೊಂಡರು. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಎರಡನೇ ಚಾರ್ಲ್ಸ್ ಮಾಡಿಸಿದ್ದ ನೇರ ಕಾಲುವೆಯನ್ನು 1820ರ ದಶಕದಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ಡೊಂಕು ಅಂಚಿನ ಕೆರೆಯಾಗಿ ಬದಲಾಯಿಸಿದ. ಹೀಗೆ ಎಷ್ಟೋ ಹೋದವು. ಗ್ಲಾಸ್ಟರ್‌ಶೈರಿನ ವೆಸ್ಟ್‌ಬರಿ ಕೋರ್ಟಿನಲ್ಲಿ 1696ರಿಂದ 1705ರ ನಡುವೆ ಮಾಡಿದ ಡಚ್ ಮಾದರಿಯ ನೇರ ಕಾಲುವೆಗಳು ಉಳಿದುಕೊಂಡವು. ಪಕ್ಕದ ಮನೆಯನ್ನು ಕೆಡವಿದರು, ನೀರು ಉಳಿಯಿತು. ನನಗೆ ಅದೇ ಇಷ್ಟ. ಮಂಡ್ಯದ ಬಯಲಲ್ಲಿ ಗದ್ದೆ ಬದು ಡೊಂಕು, ಕೆರೆ ಏರಿ ಡೊಂಕು, ದಾರಿ ಡೊಂಕು. ಅದರ ನಡುವೆ ಒಂದೇ ಒಂದು ನೇರ ಗೆರೆ ಇದ್ದರೆ ಕಣ್ಣು ಅಲ್ಲಿ ನಿಲ್ಲುತ್ತದೆ.

ಪೂರ್ತಿ ನೇರ ಅಂತಲೂ ಅಲ್ಲ. ವೋ ಲ ವಿಕೋಂತ್ ಎಂಬ ಇನ್ನೊಂದು ಫ್ರೆಂಚ್ ತೋಟದಲ್ಲಿ ಲ ನೋತ್ರ್ ದೂರದ ಕೊಳವನ್ನು ಹತ್ತಿರದ್ದಕ್ಕಿಂತ ದೊಡ್ಡದು ಮಾಡಿದ. ಅರಮನೆಯಿಂದ ನೋಡಿದವರಿಗೆ ದೂರದ್ದು ಹತ್ತಿರ ಬಂದಂತೆ ಕಾಣುತ್ತದೆ. ಅವನ ಹತ್ತಿರ ಜಾಗ ಜಾಸ್ತಿ ಇತ್ತು, ಎಳೆದು ಹತ್ತಿರ ತಂದ. ನನ್ನ ಹತ್ತಿರ ಜಾಗ ಕಡಿಮೆ, ದೂರ ತಳ್ಳಬೇಕಿತ್ತು. ಹಾಗಾಗಿ ಅವನು ಮಾಡಿದ್ದನ್ನು ತಿರುಗಿಸಿದೆ. ಜಗಲಿ ಕಡೆ ಅಗಲ ಆರೂವರೆ ಅಡಿ, ಬೇಲಿ ಕಡೆ ಐದೂವರೆ. ಜಗಲಿಯಲ್ಲಿ ಕೂತವರಿಗೆ 90 ಅಡಿ ಅದಕ್ಕಿಂತ ಉದ್ದ ಕಾಣುತ್ತದೆ. ಬೇಲಿಯಿಂದ ತಿರುಗಿ ನೋಡಿದರೆ ಮನೆ ಹತ್ತಿರ ಬಂದಂತಿರುತ್ತದೆ.

ಇನ್ನು ಮಟ್ಟದ ಕೆಲಸ. ಕಾಲುವೆಯಲ್ಲಿ ನಿಜವಾದ ಕೆಲಸ ಅದೊಂದೇ ಅಂದರೂ ತಪ್ಪಿಲ್ಲ. ಗೋಡೆ ಅರ್ಧ ಇಂಚು ವಾಲಿದರೆ ಯಾರಿಗೂ ಗೊತ್ತಾಗಲ್ಲ. ನೀರಿನ ಅಂಚು ಅರ್ಧ ಇಂಚು ಏರುಪೇರಾದರೆ ಮಗುವಿಗೂ ಕಾಣುತ್ತದೆ. ಕಲ್ಲು ವಾಲಬಹುದು, ನೀರು ವಾಲಲ್ಲ. ಮೇಸ್ತ್ರಿ ಸೈಜುಗಲ್ಲಿನ ಗೋಡೆಯನ್ನು ಲೆವೆಲ್ ಟ್ಯೂಬ್, ಅಂದರೆ ಮಟ್ಟ ನೋಡುವ ನೀರು ತುಂಬಿದ ಕೊಳವೆ, ಹಿಡಿದು ಕಟ್ಟಿದ್ದರು. ಅಂಚಿನ ಚಪ್ಪಡಿ ಕೂರಿಸುವ ಮೊದಲು ಒಮ್ಮೆ ನೀರು ತುಂಬಿಸಿ ಅಂತ ನಾನು ಹಟ ಹಿಡಿದೆ. ಸುಮ್ನೆ ಖರ್ಚು ಅಂತ ಅವರಿಗೆ ಬೇಜಾರು. ತುಂಬಿಸಿ, ಎರಡೂ ತುದಿಯಲ್ಲಿ ನೀರಿನಿಂದ ಗೋಡೆಯ ತಲೆಗೆ ಟೇಪ್ ಹಿಡಿದೆವು. ಮುಕ್ಕಾಲು ಇಂಚು ವ್ಯತ್ಯಾಸ. ಟ್ಯೂಬಿನೊಳಗೆ ಎಲ್ಲೋ ಗಾಳಿಗುಳ್ಳೆ ಉಳಿದಿರಬೇಕು.

"ಮುಕ್ಕಾಲು ಇಂಚು ಯಾರ ಕಣ್ಣಿಗೆ ಬೀಳುತ್ತೆ ಮೇಡಂ?" ಅಂದರು ಮೇಸ್ತ್ರಿ. ನಾನು ವಾದ ಮಾಡಲಿಲ್ಲ. ಎರಡು ತುದಿಗೂ ಒಂದೊಂದು ಚಪ್ಪಡಿ ಸುಮ್ಮನೆ ಇಡಿಸಿ, ಅವರನ್ನು ಜಗಲಿಗೆ ಕರೆದುಕೊಂಡು ಬಂದು ಕೂರಿಸಿದೆ. ಈ ತುದಿಯಲ್ಲಿ ಕಲ್ಲಿನ ಕೆಳಗೆ ದಪ್ಪ ಕಪ್ಪು ನೆರಳು, ಆ ತುದಿಯಲ್ಲಿ ತೆಳುವಾದದ್ದು. ಅವರು ಎರಡು ನಿಮಿಷ ನೋಡಿದರು. ಎದ್ದು ಹೋಗಿ, ಹುಡುಗರಿಗೆ ಹೇಳಿ, ಮೇಲಿನ ವರಸೆಯ ಗಾರೆಯನ್ನು ತಾವೇ ಮುಂದೆ ನಿಂತು ಬಿಚ್ಚಿಸಿದರು. ಆಮೇಲೆ ಪ್ರತಿ ಚಪ್ಪಡಿಯನ್ನೂ ನೀರಿನ ಗುರುತಿನಿಂದಲೇ ಅಳೆದು ಕೂರಿಸಿದೆವು.

ನೀರು ಚಪ್ಪಡಿಯಿಂದ 2 ಇಂಚು ಮಾತ್ರ ಕೆಳಗಿರಬೇಕು ಅಂತ ನನ್ನ ಲೆಕ್ಕ. ಒಂದಡಿ ಕೆಳಗೆ ಹೋದರೆ ಕೂತವರಿಗೆ ಎದುರಿನ ಗೋಡೆಯೇ ಜಾಸ್ತಿ ಕಾಣುತ್ತದೆ, ಆಕಾಶ ಕಾಣಲ್ಲ. ಆಳ ಒಂದೂವರೆ ಅಡಿ ಸಾಕು. ಪ್ರತಿಬಿಂಬಕ್ಕೆ ಆಳ ಬೇಕು ಅನ್ನೋದು ತಪ್ಪು ತಿಳಿವಳಿಕೆ, ತಳ ಕಪ್ಪಗಿದ್ದರೆ ಆಯಿತು. ಬಗ್ಗಿ ನೇರ ಕೆಳಗೆ ನೋಡಿದರೆ ನೀರು ಬೆಳಕನ್ನು ಬಹಳ ಕಡಿಮೆ ಹಿಂದಕ್ಕೆ ಕೊಡುತ್ತದೆ, ತಳ ಕಾಣುತ್ತದೆ. ದೂರದಿಂದ ಓರೆಯಾಗಿ ನೋಡಿದರೆ ಅದೇ ನೀರು ಕನ್ನಡಿ. ತಳಕ್ಕೆ ಕಡಪ ಕಲ್ಲು ಹಾಸಿದೆವು. ಎರಡೂ ಬದಿಗೆ, ಅಂಚಿನಿಂದ 12 ಅಡಿ ಬಿಟ್ಟು, ಅಡಿಕೆ ಸಸಿ ಸಾಲು. ಹೊಂಗೆ, ಸಂಪಿಗೆ ಕೇಳಿದರು, ನಾನು ಒಪ್ಪಲಿಲ್ಲ. ಉದುರಿದ ಎಲೆಯೆಲ್ಲ ನೀರಿಗೇ ಬೀಳುತ್ತದೆ.

ಇಳಿಜಾರಿನ ಆ 14 ಇಂಚನ್ನು ನಾನು ಹಾಳು ಮಾಡಲಿಲ್ಲ. ನೀರಿನ ಮಟ್ಟವನ್ನು ಕೆಳಗಿನ ತುದಿಗೆ ಹೊಂದಿಸಿ, ಜಗಲಿ ಕಡೆ ನೆಲ ತಗ್ಗಿಸಿದೆವು. ಅಲ್ಲಿ ಒಂದು ಸಣ್ಣ ಚಾದರ್ ಇಡಿಸಿದೆ. ಮೊಘಲ್ ತೋಟಗಳಲ್ಲಿ ನೀರು ಒಂದು ಹಂತದಿಂದ ಇನ್ನೊಂದಕ್ಕೆ ಇಳಿಯುವ ಓರೆ ಕಲ್ಲಿಗೆ ಆ ಹೆಸರು. ಕಾಶ್ಮೀರದ ನಿಶಾತ್ ಬಾಗಿನಲ್ಲಿ ಅದರ ಮುಂದೆ ನಾನು ಅರ್ಧ ದಿನ ನಿಂತಿದ್ದೇನೆ. ಕಲ್ಲು ಕೆಲಸದವರು ಮೊದಲು ನುಣುಪು ಚಪ್ಪಡಿ ತಂದರು. ನೀರು ಎಣ್ಣೆಯಂತೆ ಜಾರಿತು, ಸದ್ದೂ ಇಲ್ಲ, ಬಿಳುಪೂ ಇಲ್ಲ. ಆಮೇಲೆ ಅದರ ಮೇಲೆ ಉಳಿಯಲ್ಲಿ ಮೀನಿನ ಹುರುಪೆಯಂತೆ ಸಾಲು ಸಾಲು ಗುಳಿ ಹೊಡೆದರು. ನೀರು ಪ್ರತಿ ಗುಳಿಯಲ್ಲಿ ಒಂದು ಕ್ಷಣ ತಡೆದು, ಒಡೆದು, ಬೆಳ್ಳಗೆ ಇಳಿಯಿತು. ಕಲ್ಲನ್ನು ತೀರಾ ನೆಟ್ಟಗೆ ನಿಲ್ಲಿಸಿದರೆ ನೀರು ಕಲ್ಲು ಬಿಟ್ಟು ಮುಂದಕ್ಕೆ ಹಾರುತ್ತದೆ. ಇಟ್ಟಿಗೆ ಕೊಟ್ಟು ಕೊಟ್ಟು ಓರೆ ಹೊಂದಿಸುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಅರ್ಧ ಎಚ್‌ಪಿ ಪಂಪು, ಸಂಜೆ ಒಂದು ಗಂಟೆ ಸಾಕು. ಜಗಲಿಯಲ್ಲಿ ಕೂತವರಿಗೆ ಅದು ಕಾಣಲ್ಲ, ಕೇಳುತ್ತದೆ.

ನೀರಿಗೆ ದಾರಿ ಹೀಗೆ: ಜೌಗಿನ ಬಸಿ ನೀರು ಗೋಡೆಯ ಮೇಲ್ಬದಿಯ ಜಲ್ಲಿ ಸಾಲಿಗೆ ಬಂದು, ಮೂಲೆಯ ಗುಂಡಿಗೆ ಇಳಿದು, ಅಲ್ಲಿಂದ ಪಂಪಿನಲ್ಲಿ ಕಾಲುವೆಗೆ. ನಾಲೆ ನಿಂತ ದಿನಗಳಲ್ಲಿ ಮಾತ್ರ ಬೋರ್‌ವೆಲ್. ಕಾಲುವೆಗೆ ಕಾಂಕ್ರೀಟ್ ತಳ ಹಾಕಿದ್ದೂ ಆ ದಿನಗಳಿಗಾಗಿಯೇ, ಇಲ್ಲದಿದ್ದರೆ ಎಲ್ಲ ಇಂಗಿಹೋಗುತ್ತಿತ್ತು. ಒಟ್ಟು ಸುಮಾರು 23,000 ಲೀಟರ್ ಹಿಡಿಯುತ್ತದೆ.

ನನ್ನ ದೊಡ್ಡ ತಪ್ಪು ಇಲ್ಲೇ ಆಯಿತು. ಮೊದಲ ವರ್ಷ ಪಾಚಿ ಜಾಸ್ತಿ ಬಂತು. ಪೂರ್ತಿ ಖಾಲಿ ಮಾಡಿ ತೊಳೆಯಿರಿ ಅಂತ ನಾನೇ ಫೋನಿನಲ್ಲಿ ಹೇಳಿದೆ. ಆಗ ನಾಲೆಯಲ್ಲಿ ನೀರು ಹರಿಯುತ್ತಿತ್ತು ಅನ್ನೋದು ನನ್ನ ತಲೆಗೆ ಬರಲಿಲ್ಲ. ಖಾಲಿ ಮಾಡಿದ ಮಾರನೆಯ ಬೆಳಿಗ್ಗೆ ಕೆಳತುದಿಯಲ್ಲಿ 14 ಅಡಿ ಉದ್ದ ತಳ ಉಬ್ಬಿ, ಕಡಪ ಕಲ್ಲು ಎರಡಾಗಿ ಎದ್ದು ನಿಂತಿತ್ತು. ಬಿರುಕಿನಿಂದ ತಿಳಿ ನೀರು ಮೇಲಕ್ಕೆ ಬರುತ್ತಿತ್ತು.

ಲೆಕ್ಕ ಸರಳವಾದದ್ದು, ಮೊದಲೇ ಹಾಕಬೇಕಿತ್ತು. ಹೊರಗಿನ ನೆಲದಲ್ಲಿ ನೀರು ತಳಕ್ಕಿಂತ ಒಂದೂವರೆ ಅಡಿ ಮೇಲಿದ್ದರೆ, ಪ್ರತಿ ಚದರ ಅಡಿ ತಳವನ್ನು ಸುಮಾರು 42 ಕೆಜಿ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. 4 ಇಂಚು ಕಾಂಕ್ರೀಟು, ಮೇಲಿನ ಕಲ್ಲು ಸೇರಿ ಚದರ ಅಡಿಗೆ ತೂಗುವುದು 30 ಕೆಜಿ ಆಸುಪಾಸು. ಕಾಲುವೆ ತುಂಬಿದ್ದಾಗ ಒಳಗಿನ ನೀರೇ ತಳವನ್ನು ಅದುಮಿ ಹಿಡಿದಿತ್ತು. ಆ ಭಾರ ತೆಗೆದದ್ದು ನಾನು.

ರಿಪೇರಿ ಖರ್ಚನ್ನು ನಾನು ಹಾಕಿಕೊಂಡೆ. ಉಬ್ಬಿದ 14 ಅಡಿಯ ಜೊತೆಗೆ ಕೆಳಗಿನ ಅರ್ಧ ಭಾಗವನ್ನೂ ಒಡೆಸಿದೆ. ಅಡಿಯಲ್ಲಿ ಜಲ್ಲಿ ಹಾಸಿ, ತೂತು ಕೊರೆದ ಪಿವಿಸಿ ಪೈಪ್ ಮಲಗಿಸಿ, ಅದನ್ನೂ ಮೂಲೆಯ ಗುಂಡಿಗೆ ಸೇರಿಸಿ, ಮೇಲೆ ಮತ್ತೆ ಕಾಂಕ್ರೀಟ್. ಈಗ ಗುಂಡಿಯಲ್ಲಿ ನೀರು ಕಾಲುವೆಯ ತಳಕ್ಕಿಂತ ಕೆಳಗೆ ಇಳಿದ ಮೇಲೆ ಮಾತ್ರ ಖಾಲಿ ಮಾಡುವುದು. ಗುಂಡಿಯ ಗೋಡೆಗೆ ಆ ಮಟ್ಟದಲ್ಲಿ ಕೆಂಪು ಬಣ್ಣದ ಗೆರೆ ಬಳಿದಿದ್ದೇವೆ.

ಉಳಿದದ್ದು ಸಣ್ಣಪುಟ್ಟ. ಸೊಳ್ಳೆ ಮರಿಗೆ ಗಪ್ಪಿ ಮೀನು ಬಿಟ್ಟಿದ್ದೇವೆ. ಅವು ಹೊರಗಿನ ನಾಲೆಗೆ ಹೋಗದಂತೆ ಹೊರದಾರಿಗೆ ಸಣ್ಣ ಕಣ್ಣಿನ ಜಾಲರಿ. ಬೇಸಿಗೆಯಲ್ಲಿ ನೀರು ಇಳಿಯುತ್ತಿದೆ, ಸೋರಿಕೆ ಇರಬೇಕು ಅಂತ ಯಜಮಾನರಿಗೆ ಗಾಬರಿ ಆಯಿತು. ಒಂದು ಬಕೆಟ್ಟಿಗೆ ನೀರು ತುಂಬಿ, ಭಾರಕ್ಕೆ ಕಲ್ಲು ಹಾಕಿ ಕಾಲುವೆಯೊಳಗೇ ಇಡಿಸಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಎರಡರಲ್ಲೂ ಒಂದು ಇಂಚು ಇಳಿದಿತ್ತು. ಬಕೆಟ್ಟಿನಲ್ಲಿ ಮಾತ್ರ ಉಳಿದಿದ್ದರೆ ಅದು ಸೋರಿಕೆ. ಎರಡೂ ಒಂದೇ ಇಳಿದರೆ ಬಿಸಿಲು ಕುಡಿದದ್ದು. ದಿನಕ್ಕೆ 300 ಲೀಟರ್ ಚಿಲ್ಲರೆ ಆಯಿತು. ನಾಲೆಯ ಬುಡದಲ್ಲಿ ಇದನ್ನು ಕೊಡಬಹುದು. ಬೋರ್‌ವೆಲ್ ಒಂದನ್ನೇ ನಂಬಿದ ಊರಿನಲ್ಲಿ ಯಾರಾದರೂ ಇಂಥ ಕಾಲುವೆ ಕೇಳಿದರೆ ನಾನು ಬೇಡ ಅನ್ನುತ್ತೇನೆ, ಈಗಾಗಲೇ ಇಬ್ಬರಿಗೆ ಅಂದಿದ್ದೇನೆ.

ಮೊನ್ನೆ ಅಜ್ಜಿ ಮೊಮ್ಮಗನ ಕೈಯಲ್ಲಿ ಫೋನ್ ಮಾಡಿಸಿದ್ದರು. ದಿನಾ ಸಂಜೆ ಚಪ್ಪಡಿಯ ಮೇಲೆ ಕೂರುವವರು ಅವರೇ. ಕೂರುವ ಮೊದಲು ಗುಂಡಿಯ ಮುಚ್ಚಳ ತೆಗೆಸಿ ಒಳಗೆ ನೋಡುತ್ತಾರಂತೆ.

"ಕೆಂಪು ಗೆರೆಯಿಂದ ಒಂದು ಗೇಣು ಕೆಳಕ್ಕೋಗದೆ ಕಣವ್ವ. ನಾಲೆ ನಿಂತು ವಾರ ಆಯ್ತು. ಈಗ ಕಳ್ಸು ತೊಳೆಯೋರ್ನ."