ಅಸಲಿ ಝಡ್/28 ಗುರುತಿಸುವುದು ಹೇಗೆ?

ಅಮೆರಿಕದ ಷೆವ್ರೊಲೆ ಕಮಾರೊ ಕಾರಿನ ವಿಶೇಷ ಮಾದರಿಯಾದ 1969ರ ಝಡ್/28 ಕೊಳ್ಳಲು ಹೊರಟವರಿಗೆ ಮೊದಲ ತೊಡಕು ಛಾಸಿ ನಂಬರಿನಲ್ಲೇ ಇದೆ: ಕಾರು ಝಡ್/28 ಹೌದೋ ಅಲ್ಲವೋ ಎಂದು ಅದು ಹೇಳುವುದಿಲ್ಲ. ಸಾಧಾರಣ 307 (ಘನ ಅಂಗುಲ) ಎಂಜಿನ್ನಿನ ಕಮಾರೊಗೆ ಪಟ್ಟೆ ಬಳಿದು ಬ್ಯಾಡ್ಜ್ ಕೂರಿಸಿದರೆ ಮುಗಿಯಿತು, ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗದು. ಆ ವರ್ಷ ತಯಾರಾದ ಅಸಲಿ ಝಡ್/28ಗಳು 20,302 ಮಾತ್ರ. ಹಾಗಾಗಿ ಒಂದು ಗುರುತನ್ನು ನಂಬದೆ, ಎಲ್ಲ ಗುರುತುಗಳೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಬೇಕು.

ಟಾರ್ಚ್, ಚಿಕ್ಕ ಕನ್ನಡಿ, ಗ್ರೀಸ್ ತೆಗೆಯುವ ದ್ರಾವಣ, ಹಳೇ ಬಟ್ಟೆ, ಒಂದು ಅಯಸ್ಕಾಂತ ಜತೆಗಿರಲಿ.

ಮುಂಗಾಜಿನ ಮೂಲಕ ಚಾಲಕನ ಕಡೆ ಕಾಣುವ ಛಾಸಿ ನಂಬರಿನ 13 ಅಕ್ಷರಗಳಿಂದ ಶುರು ಮಾಡಿ. 124379ಎನ್ ಎಂದಿದ್ದರೆ: 1 ಎಂದರೆ ಷೆವ್ರೊಲೆ, 24 ಎಂದರೆ ವಿ8 (ಎಂಟು ಸಿಲಿಂಡರಿನ) ಕಮಾರೊ, 37 ಎಂದರೆ ಕೂಪೆ (ಗಟ್ಟಿ ಛಾವಣಿಯದು), 9 ಎಂದರೆ 1969, ಎನ್ ಎಂದರೆ ಓಹಿಯೊದ ನಾರ್ವುಡ್ ಕಾರ್ಖಾನೆ (ಎಲ್ ಇದ್ದರೆ ಲಾಸ್ ಏಂಜಲೀಸ್). 24ರ ಜಾಗದಲ್ಲಿ 23 ಇದ್ದರೆ ಅದು ಆರು ಸಿಲಿಂಡರಿನದು, 37ರ ಜಾಗದಲ್ಲಿ 67 ಇದ್ದರೆ ಕನ್ವರ್ಟಿಬಲ್ (ಮಡಚುವ ಛಾವಣಿಯದು). ಎರಡೂ ಝಡ್/28 ಆಗಲಾರವು, ಬಾನೆಟ್ ಎತ್ತುವ ಶ್ರಮವೂ ಬೇಡ. ಈ ನಂಬರ್ ಫಲಕದ ರಿವೆಟ್‌ಗಳು ಆರು ಎಸಳಿನ ಹೂವಿನಂತಿರಬೇಕು. ಮಾಮೂಲಿ ಗುಂಡು ರಿವೆಟ್ ಕಂಡರೆ ಫಲಕವನ್ನು ಯಾರೋ ಕಿತ್ತು ಕೂರಿಸಿದ್ದಾರೆ. ಈ ನಂಬರಿನ ಭಾಗ ಬಾಡಿಯಲ್ಲಿ ಮರೆಯಾಗಿಯೂ ಇದೆ, ವೈಪರ್ ಬುಡದ ಜಾಲರಿ ಫಲಕದ ಕೆಳಗೆ ಮತ್ತು ಹೀಟರ್ ಪೆಟ್ಟಿಗೆಯ ಹಿಂದೆ. ಎರಡೂ ಕಡೆ ಕೊನೆಯ ಅಂಕೆಗಳು ಒಂದೇ ಇರಬೇಕು.

ಹೆಚ್ಚಿನ ಮೋಸ ನಡೆಯುವುದು ಎಂಜಿನ್ ಮೇಲೆ. ಪ್ರಯಾಣಿಕನ ಬದಿಯ ಸಿಲಿಂಡರ್ ಹೆಡ್‌ಗೆ ಮುಂದೆ, ಆಲ್ಟರ್ನೇಟರ್ ಮರೆಯಲ್ಲಿ, ಬ್ಲಾಕಿನ ಮೇಲೆ ಚಪ್ಪಟೆ ಪಟ್ಟಿಯಿದೆ. ಅಲ್ಲಿ ವಿ0215ಡಿಝಡ್ ತರಹದ ಅಚ್ಚು ಇರುತ್ತದೆ: ವಿ ಎಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0215 ಎಂದರೆ ಫೆಬ್ರುವರಿ 15, ಡಿಝಡ್ ಎಂದರೆ ಝಡ್/28ರ 302 ಎಂಜಿನ್. ಕಾರಿನ ಕ್ರಮಸಂಖ್ಯೆಯೂ ಇಲ್ಲೇ ಇರುತ್ತದೆ, ಕೆಲವು 1969ರ ಕಾರುಗಳಲ್ಲಿ ಆಯಿಲ್ ಫಿಲ್ಟರ್ ಹತ್ತಿರ. ಅಕ್ಷರ ಓದಿದರಷ್ಟೇ ಸಾಲದು, ಅದರಡಿಯ ಲೋಹ ನೋಡಿ. ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ನೇರ ಗೆರೆಗಳು ಮುಂದಿನಿಂದ ಹಿಂದಕ್ಕೆ ಸಾಗಬೇಕು. ಗೆರೆಗಳೇ ಇಲ್ಲದೆ ನುಣುಪಾಗಿದ್ದು, ಅದರ ಮೇಲೆ ಅಚ್ಚು ಸ್ಫುಟವಾಗಿದ್ದರೆ ಅನುಮಾನಿಸಿ. ಪ್ರಾಮಾಣಿಕ ರಿಪೇರಿಯಲ್ಲೂ ಬ್ಲಾಕ್ ಅರೆಯುತ್ತಾರೆ, ಆಗ ನಂಬರ್ ಅಳಿಸಿಹೋಗುತ್ತದೆ. ಅರೆದ ಮೇಲೆ ಮತ್ತೆ ಬರುವುದು ಮಾತ್ರ ಯಾರೋ ಹೊಡೆದಾಗ.

ಮುಂದಿನದು ತಾರೀಕುಗಳ ಸರಣಿ. ಬ್ಲಾಕಿನ ಹಿಂಬದಿಯ ಅಂಚಿನಲ್ಲಿ ಎರಕದ ದಿನಾಂಕ ಉಬ್ಬಿರುತ್ತದೆ. ಎ 30 9 ಎಂದರೆ 1969ರ ಜನವರಿ 30. ಎರಕ ಮೊದಲು, ಎಂಜಿನ್ ಜೋಡಣೆ ನಂತರ, ಕಾರು ಕೊನೆಗೆ. ಬಾನೆಟ್ ಎತ್ತಿದಾಗ ಬೆಂಕಿಗೋಡೆಯ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಡೆ) ಮೇಲಿರುವ ಫಲಕದಲ್ಲಿ 02ಸಿ ಎಂದಿದ್ದರೆ ಬಾಡಿ ಫೆಬ್ರುವರಿ ಮೂರನೇ ವಾರದ್ದು. ಎರಕ ಮಾರ್ಚಿನದಾಗಿದ್ದರೆ ಎಂಜಿನ್ ಬೇರೆ ಕಾರಿನದು. ವರ್ಷಕ್ಕೆ ಒಂದೇ ಅಂಕೆ ಇರುವುದರಿಂದ 9 ಎಂಬುದು 1979 ಕೂಡ ಆಗಬಹುದು. 3970010 ಸಂಖ್ಯೆಯ ಎರಕ 302ಕ್ಕೂ ಬಂದಿದೆ, ಎಪ್ಪತ್ತರ ದಶಕದ 350 ಎಂಜಿನ್‌ಗಳಿಗೂ ಬಂದಿದೆ. ನಕಲು ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇಕೆ?

ನಾರ್ವುಡ್‌ನಲ್ಲಿ 1968ರ ಡಿಸೆಂಬರ್‌ನಿಂದ ತಯಾರಾದ ಕಾರುಗಳ ಬೆಂಕಿಗೋಡೆಯ ಫಲಕದಲ್ಲಿ ಎಕ್ಸ್33 ಅಥವಾ ಎಕ್ಸ್77 ಎಂದಿದ್ದರೆ ಝಡ್/28. ಲಾಸ್ ಏಂಜಲೀಸ್ ಕಾರುಗಳಿಗೆ ಈ ಸಂಕೇತವಿಲ್ಲ. ಹೊಸದಾಗಿ ಮಾಡಿದ ಫಲಕಗಳೂ ಮಾರಾಟಕ್ಕಿವೆ, ಸ್ಕ್ರೂ ಮತ್ತು ಬಣ್ಣದ ಅಂಚು ಗಮನಿಸಿ.

ಕಾರಿನ ಅಡಿಗೆ ಇಳಿದು ನೋಡಿ: 12 ಬೋಲ್ಟಿನ ಹಿಂದಿನ ಆಕ್ಸಲ್, ಮುಂದೆ ಡಿಸ್ಕ್ ಬ್ರೇಕ್, ನಾಲ್ಕು ಗೇರಿನ ಮನ್ಸಿ ಗೇರ್‌ಬಾಕ್ಸ್, ಹಲವು ಪಟ್ಟಿಗಳ ಹಿಂದಿನ ಸ್ಪ್ರಿಂಗ್. ಆಟೊಮ್ಯಾಟಿಕ್ ಆಗಲಿ ಕಾರ್ಖಾನೆಯ ಏಸಿ ಆಗಲಿ ಝಡ್/28ಗೆ ಸಿಗುತ್ತಿರಲಿಲ್ಲ. ಬಾಡಿಯ ಉಕ್ಕಿನ ಭಾಗದಲ್ಲಿ ಅಯಸ್ಕಾಂತ ಅಂಟದ ಕಡೆ ಪುಟ್ಟಿ ತುಂಬಿದೆ.

ಕಾಗದಪತ್ರ ಇದ್ದರೆ ಒಳ್ಳೆಯದು, ಅವನ್ನೂ ಹೊಸದಾಗಿ ಮುದ್ರಿಸುತ್ತಾರೆ ಎಂಬುದು ನೆನಪಿರಲಿ. ಕಾರು ನೋಡಲು ಹೊರಡುವ ಮುನ್ನ ಮಾರುವವನಿಂದ ಎಂಜಿನ್ ಪಟ್ಟಿಯ ಹತ್ತಿರದ ಫೋಟೊ ತರಿಸಿಕೊಳ್ಳಿ. ಗ್ರೀಸನ್ನು ಬಟ್ಟೆಯಿಂದ ಒರೆಸಲು ಹೇಳಿ. ತಂತಿ ಬ್ರಷ್ ಅಥವಾ ಮರಳು ಕಾಗದ ಮುಟ್ಟಿಸಬಾರದು, ಆ ಗೆರೆಗಳು ಅಳಿದರೆ ಮಾರುವವನಿಗೂ ಸಾಕ್ಷಿ ಉಳಿಯದು.